ಮಾತು ತಿಳಿಯಲು ಹಿಡಿಯುವ ಹೊತ್ತು

ತಲೆಗೆ ಬಲವಾದ ಪೆಟ್ಟು ಬಿದ್ದು ಗುಣಹೊಂದಿದ ತರುಣನೊಬ್ಬನು ಕಾಲೇಜಿಗೆ ಮರಳಿದನೆಂದು ಭಾವಿಸೋಣ. ಅವನ ಉಚ್ಚಾರಣೆ ಸ್ಪಷ್ಟವಾಗಿದೆ. ನಿಧಾನವಾಗಿ ಕೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನೇ ಕೊಡುತ್ತಾನೆ. ಆದರೆ ಅಧ್ಯಾಪಕರ ಮೊದಲನೆಯ ವಾಕ್ಯವನ್ನು ಅವನು ಗ್ರಹಿಸುವಷ್ಟರಲ್ಲಿ ಅವರು ಮೂರನೆಯದಕ್ಕೆ ಹೋಗಿರುತ್ತಾರೆ. ನೋಡಿದವರು ಇದನ್ನು ಸೋಮಾರಿತನವೆಂದುಬಿಡುವುದುಂಟು.

ಮಿದುಳಿನಲ್ಲಿ ನಡೆದುದೇನು? ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವರ್ಣಿಸಿದ ರೋಗಿಯಲ್ಲಿ ಮಿದುಳಿನ ಎಡಭಾಗದ ಮುಂಬದಿಯು ಕೆಟ್ಟು, ಒಂದು ಉಚ್ಚಾರದ ಹೊರತು ಮಾತೇ ಉಡುಗಿಹೋಗಿತ್ತು. ಇಲ್ಲಿ ಹಾಗಲ್ಲ. ಅಪಘಾತದಲ್ಲಿ ತಲೆಯು ರಭಸದಿಂದ ತಿರುಗಿದಾಗ ಮೃದುವಾದ ಮಿದುಳಿನೊಳಗಣ ಉದ್ದನೆಯ ನರತಂತುಗಳು ಅಲ್ಲಲ್ಲಿ ಜಗ್ಗಿ ಹಾಳಾಗುತ್ತವೆ. ಊರುಗಳು ಉಳಿದು ರಸ್ತೆಗಳು ಕೆಟ್ಟಂತೆ, ಪದಗಳು ಮರೆಯದಿದ್ದರೂ ಅವುಗಳ ಅರ್ಥವನ್ನು ಕೂಡಿಸಲು ಹೊತ್ತು ಹಿಡಿಯುತ್ತದೆ.

ಈ ನಿಧಾನವನ್ನು ಅಳೆಯಲು ಇಂಗ್ಲೆಂಡಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಹೋದ್ಯೋಗಿಗಳು 1992ರಲ್ಲಿ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರ ಒಂದು ಭಾಗದಲ್ಲಿ ಸಣ್ಣ ಸಣ್ಣ ವಾಕ್ಯಗಳಿರುತ್ತವೆ. 'ಕಾಗೆಗೆ ರೆಕ್ಕೆಗಳಿವೆ', 'ಗುದ್ದಲಿ ಹಾಲು ಕುಡಿಯುತ್ತದೆ' ಎಂಬಂಥವು (ಉದಾಹರಣೆಗಳು ನಮ್ಮವು). ಪ್ರತಿಯೊಂದೂ ನಿಜವೋ ಸುಳ್ಳೋ ಎಂದು ಗುರುತುಮಾಡುತ್ತ 2 ನಿಮಿಷಗಳಲ್ಲಿ ಎಷ್ಟು ಮುಗಿಸಿದರೆಂಬುದೇ ಲೆಕ್ಕ. ವಾಕ್ಯಗಳು ಇಷ್ಟು ಸುಲಭವಾದ್ದರಿಂದ ತಪ್ಪುಗಳು ವಿರಳ. ವ್ಯತ್ಯಾಸವು ಕಾಣುವುದು ವೇಗದಲ್ಲಿಯೇ.

ಆದರೆ ಈ ಲೆಕ್ಕವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಹುಟ್ಟಿನಿಂದಲೇ ನಿಧಾನಿಯಾದವನಿಗೂ ಕಡಿಮೆ ಅಂಕವೇ ಬರುತ್ತದೆ. ಬಹು ಚುರುಕಾಗಿದ್ದವನು ಪೆಟ್ಟಿನಿಂದ ಸಾಧಾರಣ ಮಟ್ಟಕ್ಕೆ ಇಳಿದರೆ, ಅವನಿಗೇನೂ ಆಗಿಲ್ಲವೆಂದೇ ತೋರುತ್ತದೆ. ಗಾಯಕ್ಕೆ ಮುಂಚೆ ಅವನ ವೇಗವನ್ನು ಅಳೆದಿಟ್ಟವರಾರು?

ಇನ್ನೊಂದು ಭಾಗದ ಜಾಣತನವು ಇಲ್ಲಿಯೇ ಇದೆ. ಅದರಲ್ಲಿ 60 ಜೋಡಿಗಳಿವೆ. ಪ್ರತಿ ಜೋಡಿಯಲ್ಲಿ ಒಂದು ನಿಜವಾದ ಪದ, ಮತ್ತೊಂದು ಹುಸಿಪದ. 'ತೊಗಟೆ, ತೊಬಟೆ' ಎಂದಿದ್ದರೆ ನಿಜವಾದುದನ್ನು ಆರಿಸಬೇಕು. ಕಾಲದ ಮಿತಿಯಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಪದಜ್ಞಾನವು ಇಂಥ ಗಾಯಕ್ಕೆ ಸಾಮಾನ್ಯವಾಗಿ ಬಗ್ಗದು. ಆದುದರಿಂದ ಅದು ಗಾಯಕ್ಕೆ ಮುಂಚಿನ ಮಟ್ಟವನ್ನು ಊಹಿಸಲು ನೆರವಾಗುತ್ತದೆ. ಪದಜ್ಞಾನವು ಮೇಲಿದ್ದು ವೇಗವು ಬಹಳ ಕೆಳಗಿದ್ದರೆ, ಆ ಅಂತರವು ಗಾಯದ ಕಡೆಗೆ ಕೈತೋರುತ್ತದೆ.

ಕೈತೋರುತ್ತದೆ ಎಂದೆವು, ಸಾಧಿಸುತ್ತದೆ ಎನ್ನಲಿಲ್ಲ. ಮಂದದೃಷ್ಟಿ, ಕೈನಡುಕ, ಔಷಧದ ಮಂಪರು ಇವೂ ವೇಗವನ್ನು ತಗ್ಗಿಸಬಲ್ಲವು. ಗಾಯದಿಂದ ಮಾತೇ ಕೆಟ್ಟವರಲ್ಲಿ ಪದಜ್ಞಾನವೂ ಅಳತೆಗೋಲಾಗಲಾರದು. ಇಂಗ್ಲಿಷನ್ನು ಶಾಲೆಯಲ್ಲಿ ಮಾತ್ರ ಕಲಿತ ಕನ್ನಡಿಗನನ್ನು ಆ ಇಂಗ್ಲಿಷ್ ಪಟ್ಟಿಯಿಂದ ಅಳೆಯುವುದಂತೂ ಅನ್ಯಾಯ. ಅದನ್ನು ಕನ್ನಡಕ್ಕೆ ತಿರುಗಿಸಿದರೆ ಮಾತ್ರ ಸಾಲದು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ವಿದ್ಯಾಭ್ಯಾಸದ ಆರೋಗ್ಯವಂತ ಕನ್ನಡಿಗರು ಎಷ್ಟು ವಾಕ್ಯಗಳನ್ನು ಮುಗಿಸುತ್ತಾರೆಂಬುದನ್ನು ಮೊದಲು ಎಣಿಸಬೇಕು.