ಹಳೆಯ ರಿವಾಲ್ವರ್‌ನ ವಯಸ್ಸು: ಇಸವಿಯನ್ನು ಕೊನೆಗೆ ಓದಿ

ಕೋಲ್ಟ್ ಕಂಪನಿಯ 1851ರ ನೇವಿ ಮಾದರಿ ರಿವಾಲ್ವರ್‌ನ ಸಿಲಿಂಡರ್ ಸುತ್ತ ಹಡಗುಗಳ ಕಾದಾಟದ ಚಿತ್ರವೊಂದು ಇರುತ್ತದೆ. ಜೊತೆಗೆ ಒಂದು ದಿನಾಂಕ: 16 ಮೇ 1843. ಅದು ಟೆಕ್ಸಾಸ್‌ನ ನೌಕಾಪಡೆ ಕಾಂಪೆಚೆ ಬಳಿ ಮೆಕ್ಸಿಕೋದ ಹಡಗುಗಳೊಡನೆ ಹೋರಾಡಿದ ದಿನ. ಕೈಯಲ್ಲಿರುವ ಆಯುಧ ತಯಾರಾದದ್ದಕ್ಕೂ ಆ ದಿನಕ್ಕೂ ಯಾವ ಸಂಬಂಧವೂ ಇಲ್ಲ. ಈ ಮಾದರಿ ಹುಟ್ಟಿದ್ದೇ ಏಳೆಂಟು ವರ್ಷ ತಡವಾಗಿ, ತಯಾರಿಕೆ ನಿಂತದ್ದು 1873ರಲ್ಲಿ. ಸ್ಮಿತ್ ಅಂಡ್ ವೆಸನ್‌ನ ಮೊದಲ ರಿವಾಲ್ವರ್‌ಗಳ ಮೇಲಿನ 3 ಏಪ್ರಿಲ್ 1855 ಕೂಡ ಇಂಥದ್ದೇ. ಅದು ರೋಲಿನ್ ವೈಟ್ ಎಂಬಾತನಿಗೆ ಪೇಟೆಂಟ್ ಸಿಕ್ಕ ದಿನ. ಕಂಪನಿ ಆ ರಿವಾಲ್ವರ್ ಮಾಡಲು ಶುರುಮಾಡಿದ್ದು 1857ರಲ್ಲಿ. ಹಳೆಯ ರಿವಾಲ್ವರ್ ಮೇಲಿನ ಒಂದೊಂದು ಮುದ್ರೆಯೂ ಒಂದೊಂದು ಘಟನೆಯ ಗುರುತು. ಆ ಘಟನೆ ತಯಾರಿಕೆಯೇ ಆಗಿರಬೇಕೆಂದಿಲ್ಲ. ಪೇಟೆಂಟ್, ಪರೀಕ್ಷೆ, ಖರೀದಿ, ರಿಪೇರಿ, ಹರಾಜು ಯಾವುದೂ ಆಗಬಹುದು. ಪಹಣಿಯಲ್ಲಿ ಮ್ಯುಟೇಶನ್ ನಮೂದುಗಳನ್ನು ಒಂದರ ಪಕ್ಕ ಒಂದಿಟ್ಟು ಜಮೀನಿನ ಚರಿತ್ರೆ ತಿಳಿಯುವಂತೆ ಇಲ್ಲಿಯೂ ಎಲ್ಲ ಗುರುತುಗಳನ್ನು ಕೂಡಿಸಿ ಓದಬೇಕು.

ಓದುವ ಮುನ್ನ ಎರಡು ಮಾತು. ಅಜ್ಜನ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ರಿವಾಲ್ವರ್ ಸಿಕ್ಕಿದರೆ ಅದರಲ್ಲಿ ಗುಂಡಿದೆ ಎಂದೇ ತಿಳಿಯಿರಿ. ತೆರೆಯಲು ಬಾರದವರು ಅದನ್ನು ಮುಟ್ಟದೆ ಠಾಣೆಗೆ ತಿಳಿಸುವುದು ಸರಿ. ಲೈಸೆನ್ಸ್ ಇಲ್ಲದೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಮನೆತನದ ಆಸ್ತಿ ಎಂಬ ಕಾರಣಕ್ಕೆ ಮಾಫಿ ಇಲ್ಲ. ಎರಡನೆಯದು, ತುಕ್ಕು ಕಂಡ ತಕ್ಷಣ ಉಪ್ಪುಕಾಗದ ಹಿಡಿದು ತಿಕ್ಕಬಾರದು. ಮುದ್ರೆ ಅಳಿದರೆ ಸಾಕ್ಷ್ಯವೂ ಹೋಯಿತು. ಮೇಲಾಗಿ ಬಂದೂಕಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದನ್ನು, ತಿದ್ದುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ನಿಷೇಧಿಸುತ್ತದೆ. ಎಣ್ಣೆ ತಾಗಿಸಿದ ಮೆತ್ತನೆ ಬಟ್ಟೆ, ಒಂದು ಭೂತಗನ್ನಡಿ, ಪಕ್ಕದಿಂದ ಓರೆಯಾಗಿ ಬೀಳುವ ಟಾರ್ಚಿನ ಬೆಳಕು ಸಾಕು. ಅಕ್ಷರ ಸವೆದಿದ್ದರೆ ಸೀಮೆಸುಣ್ಣದ ಪುಡಿ ಸವರಿ ಒರೆಸಿ. ತಗ್ಗಿನಲ್ಲಿ ಉಳಿದ ಬಿಳುಪು ಅಕ್ಷರವನ್ನು ಎತ್ತಿ ತೋರಿಸುತ್ತದೆ. ಎಲ್ಲ ಬದಿಯಿಂದಲೂ ಫೋಟೋ ತೆಗೆದುಕೊಂಡರೆ ಮುಂದಿನ ಕೆಲಸಕ್ಕೆ ಆಯುಧವನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳಬೇಕಿಲ್ಲ.

ಅಕ್ಷರಕ್ಕಿಂತ ಮೊದಲು ಮೈಕಟ್ಟನ್ನು ನೋಡಬೇಕು, ಏಕೆಂದರೆ ಮುದ್ರೆಯನ್ನು ಯಾವಾಗ ಬೇಕಾದರೂ ಒತ್ತಬಹುದು, ಮೈಕಟ್ಟನ್ನು ಬದಲಿಸುವುದು ಕಷ್ಟ. ಸಿಲಿಂಡರ್‌ನ ಹಿಂಬದಿಯಲ್ಲಿ ಕೇಪು ಕೂರಿಸುವ ಮೊಲೆಗಳಿವೆಯೇ, ಅಥವಾ ಇಡೀ ತೋಟಾ ತೂರುವ ತೂತುಗಳಿವೆಯೇ ಎಂಬುದು ಮೊದಲ ಪ್ರಶ್ನೆ. ಫ್ರೇಮು ಒಂದೇ ತುಂಡೇ, ನಳಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆಯೇ, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆಯೇ ಎಂಬುದು ಎರಡನೆಯದು. ಭಾರತದಲ್ಲಿ ಹೆಚ್ಚಾಗಿ ಕಾಣಸಿಗುವುದು ಬ್ರಿಟಿಷ್ ಸೇನೆಯ ಮಡಚುವ ವೆಬ್ಲಿ. ಹಾಗಾಗಿ ಅದನ್ನೇ ಉದಾಹರಣೆಯಾಗಿ ಹಿಡಿಯೋಣ. ಬರ್ಮಿಂಗ್‌ಹ್ಯಾಮ್‌ನ ಈ .455 ಬೋರಿನ ರಿವಾಲ್ವರ್ 1887ರಲ್ಲಿ ಮಾರ್ಕ್ 1 ಆಗಿ ಸೇನೆ ಸೇರಿತು. ನಾಲ್ಕು ಇಂಚಿನ ನಳಿಗೆ, ಹಕ್ಕಿಯ ಕೊಕ್ಕಿನಂತೆ ಬಾಗಿದ ಹಿಡಿ. 1899ರ ಮಾರ್ಕ್ 4 ಬೋಯರ್ ಯುದ್ಧದ ಕಾಲದ್ದು. 1913ರ ಮಾರ್ಕ್ 5ರಲ್ಲಿ ಕಾರ್ಡೈಟ್ ಮದ್ದಿನ ಒತ್ತಡ ತಾಳಲೆಂದು ಸಿಲಿಂಡರನ್ನು ತುಸು ದಪ್ಪ ಮಾಡಿದರು. ಮೇ 1915ರಲ್ಲಿ ಬಂದ ಮಾರ್ಕ್ 6ಕ್ಕೆ ಆರು ಇಂಚಿನ ನಳಿಗೆ, ತಳ ಚೌಕವಾದ ಹಿಡಿ. ಹೀಗೆ ಒಂದಕ್ಷರವನ್ನೂ ಓದದೆ ಹಿಡಿಯ ಆಕಾರದಿಂದಲೇ ‘1915ಕ್ಕಿಂತ ಹಿಂದಿನದಲ್ಲ’ ಎನ್ನಬಹುದು. ನಳಿಗೆಯ ಉದ್ದವೊಂದನ್ನೇ ನಂಬಿದರೆ ಮಾತ್ರ ಎಡವುತ್ತೀರಿ. ಹಳೆಯ ಮಾರ್ಕ್‌ಗಳಿಗೂ ಆರು ಇಂಚಿನ ನಳಿಗೆ ಬಿದ್ದದ್ದುಂಟು. ಸಿಲಿಂಡರನ್ನೂ ಹಾಗೇ ನಂಬುವಂತಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋದ ಎಷ್ಟೋ ಮಾರ್ಕ್ 6ಗಳ ಸಿಲಿಂಡರನ್ನು, ಅಲ್ಲಿ ಸುಲಭವಾಗಿ ಸಿಗುವ .45 ತೋಟಾ ಹಿಡಿಯಲೆಂದು ಹಿಂಬದಿಯಿಂದ ಕೆರೆದು ತೆಳ್ಳಗೆ ಮಾಡಿದ್ದಾರೆ.

ಇಷ್ಟಾದ ಮೇಲೆ ತಯಾರಕರ ಹೆಸರು. ಹೆಸರಿಗಿಂತಲೂ ಅದನ್ನು ಬರೆದಿರುವ ರೂಪ ಮುಖ್ಯ. ‘ಪಿ. ವೆಬ್ಲಿ ಅಂಡ್ ಸನ್’ ಎಂದಿದ್ದರೆ 1897ಕ್ಕಿಂತ ಹಿಂದಿನದು. ಆ ವರ್ಷ ಕಂಪನಿ ಬೇರೆ ಎರಡು ಕಂಪನಿಗಳೊಡನೆ ವಿಲೀನವಾಗಿ ‘ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರ್ ಅಂಡ್ ಆರ್ಮ್ಸ್ ಕಂಪನಿ’ ಆಯಿತು, 1906ರಲ್ಲಿ ಹೆಸರು ‘ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್’ ಎಂದು ಚಿಕ್ಕದಾಯಿತು. ಬರೀ ‘ವೆಬ್ಲಿ’ ಎಂಬ ಪದದಿಂದ ಏನೂ ಸಾಬೀತಾಗದು. ವೆಬ್ಲಿ ಹೆಸರಿನ .32 ರಿವಾಲ್ವರ್‌ಗಳು ಈಚಿನ ವರ್ಷಗಳಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗುತ್ತಿವೆ! ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ವೆಬ್ಲಿಯ ಮಡಚುವ ಮೈಕಟ್ಟಿನದೇ. .32 ಏಕೆ ಎಂಬುದಕ್ಕೆ ಕಾರಣ ಕಾನೂನಿನಲ್ಲಿದೆ: ಸೇನೆಯ .380 ಮತ್ತು .455 ತೋಟಾ ಹಿಡಿಯುವ ರಿವಾಲ್ವರ್‌ಗಳನ್ನು ನಮ್ಮ ನಿಯಮಗಳು ನಿಷೇಧಿತ ಬೋರ್‌ಗೆ ಸೇರಿಸಿವೆ.

ಹೆಸರು ಸುಳ್ಳು ಹೇಳುವುದೂ ಉಂಟು. ವೆಬ್ಲಿಯ ಬುಲ್‌ಡಾಗ್ ಮಾದರಿ 1872ರಲ್ಲಿ ಬಂದದ್ದೇ ತಡ, ಬೆಲ್ಜಿಯಂನ ಲಿಯೇಜ್ ಊರಿನ ಕುಶಲಕರ್ಮಿಗಳು ಅದರ ನಕಲನ್ನು ರಾಶಿ ರಾಶಿ ಮಾಡಿದರು. ಅಂಥ ಕಡೆ ಸಿಲಿಂಡರ್ ಮೇಲಿನ ಪುಟ್ಟ ಮೊಟ್ಟೆಯಾಕಾರದ ಮುದ್ರೆ ಹುಡುಕಿ. ಒಳಗೆ ಇ, ಎಲ್, ಜಿ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಲಿಯೇಜ್‌ನ ಪರೀಕ್ಷಾ ಮುದ್ರೆ. ಮೊಟ್ಟೆಯ ಮೇಲೆ ಕಿರೀಟವಿದ್ದರೆ ಅದು 1893ಕ್ಕೆ ಹಿಂದಿನದಲ್ಲ. ಸ್ಪೇನಿನ ಐಬರ್‌ನಲ್ಲಿ ತಯಾರಾದ ಅಗ್ಗದ ರಿವಾಲ್ವರ್‌ಗಳ ನಳಿಗೆಯಲ್ಲಿ ‘ಸ್ಮಿತ್ ಅಂಡ್ ವೆಸನ್’ ಎಂದು ಎದ್ದು ಕಾಣುತ್ತದೆ. ಹಿಂದೆ ಮುಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿದರೆ, ಆ ಕಂಪನಿಯ ತೋಟಾ ಇದಕ್ಕೆ ಹೊಂದುತ್ತದೆ ಎಂದಷ್ಟೇ ಅರ್ಥ. ಇನ್ನು ಈಗ ಪಾಕಿಸ್ತಾನದಲ್ಲಿರುವ ದರ್ರಾ ಆದಂ ಖೇಲ್‌ನ ಕಮ್ಮಾರರು ವೆಬ್ಲಿಯನ್ನು ಮುದ್ರೆಗಳ ಸಮೇತ ನಕಲು ಮಾಡಿದವರು. ಇಂಗ್ಲಿಷ್ ತಿಳಿಯದ ಕೈ ಕೆತ್ತಿದ ಅಕ್ಷರಗಳಲ್ಲಿ ಕಾಗುಣಿತ ತಪ್ಪುತ್ತದೆ, ಕೆಲವು ಅಕ್ಷರ ತಿರುಗುಮುರುಗಾಗುತ್ತವೆ. ಕಾರ್ಖಾನೆಯ ಅಚ್ಚು ಒಂದೇ ಏಟಿಗೆ ಸಮ ಆಳಕ್ಕೆ ಇಳಿದಿರುತ್ತದೆ. ಕೈಕೆತ್ತನೆಯ ಗೆರೆ ಒಂದೆಡೆ ಆಳ, ಒಂದೆಡೆ ತೇಲು. ಈ ವ್ಯತ್ಯಾಸ ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ.

ನಂಬಲು ಹೆಚ್ಚು ಯೋಗ್ಯವಾದದ್ದು ಪರೀಕ್ಷಾ ಮುದ್ರೆ. ಮಾರಾಟಕ್ಕೆ ಮುನ್ನ ಹೆಚ್ಚುವರಿ ಮದ್ದು ತುಂಬಿ ಹಾರಿಸಿ ನೋಡಿ ಒತ್ತುವ ಗುರುತು ಅದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅದಕ್ಕೆಂದೇ 1813ರಿಂದ ಒಂದು ಸಂಸ್ಥೆಯಿದೆ. ಕಿರೀಟದಡಿ ಬಿ ಮತ್ತು ಪಿ, ಬಿ ಮತ್ತು ವಿ, ಎನ್ ಮತ್ತು ಪಿ ಎಂಬ ಜೋಡಿಗಳಿದ್ದರೆ ಆ ಪರೀಕ್ಷೆ 1904ರ ನಿಯಮಗಳ ನಂತರದ್ದು. ಆದರೆ ಇಲ್ಲಿಯೂ ಒಂದು ತೊಡಕಿದೆ. ಸೇನೆಯ ಆಯುಧಕ್ಕೆ ಸೇನೆಯದೇ ತಪಾಸಣೆ. ನಾಗರಿಕ ಪರೀಕ್ಷೆ ನಡೆಯುವುದು ಅದು ಸೇನೆಯಿಂದ ಹೊರಬಿದ್ದು ಮಾರಾಟವಾಗುವಾಗ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ಗೆ ಬಂದ ಅಮೆರಿಕದ ಸ್ಮಿತ್ ಅಂಡ್ ವೆಸನ್‌ಗಳ ನಳಿಗೆಯಲ್ಲಿ .767 ಇಂಚು, ಮೂರೂವರೆ ಟನ್, ‘ಇಂಗ್ಲಿಷ್ ತಯಾರಿಕೆಯಲ್ಲ’ ಎಂದೆಲ್ಲ ಒತ್ತಿರುವುದು ಯುದ್ಧಾನಂತರದ ಈ ಮಾರಾಟದ ಗುರುತು. ಅವುಗಳ ತಯಾರಿಕೆಯ ಕಾಲ ತಿಳಿಯಲು ಹಿಡಿಯ ತಳದ ನಂಬರನ್ನು ನೋಡಬೇಕು. ನಂಬರಿನ ಆರಂಭದಲ್ಲಿ ವಿ ಅಕ್ಷರವಿದ್ದರೆ 1942ರಿಂದ 1945ರ ನಡುವಿನದು.

ಒಡೆತನದ ಗುರುತುಗಳು ಇನ್ನೂ ಸ್ವಾರಸ್ಯದವು. ಮೂರು ಗೆರೆಯ ಬಾಣ ಬ್ರಿಟಿಷ್ ಸರ್ಕಾರದ್ದು. ಬಾಣದ ಜೊತೆಗೆ ಇಂಗ್ಲಿಷಿನ ಐ ಇದ್ದರೆ ಅದು ಭಾರತ ಸರ್ಕಾರದ ಸ್ವತ್ತಾಗಿತ್ತು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸರ್ಕಾರ ಅದನ್ನು ಮಾರಿದೆ ಎಂದರ್ಥ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ರಿವಾಲ್ವರ್‌ನಂಥವುಗಳಲ್ಲಿ ಫ್ರೇಮಿನ ಬಲಬದಿಯಲ್ಲಿ ಕಿರೀಟ, ಕಾರ್ಖಾನೆಯ ಹೆಸರು, ಮಾದರಿ, ಇಸವಿ ಎಲ್ಲವೂ ಸ್ಪಷ್ಟವಾಗಿದೆಯಲ್ಲ, ಮತ್ತೇಕೆ ಇಷ್ಟು ಸುತ್ತಾಟ? ಮಾತು ಸರಿ. ಅಲ್ಲಿನ ಇಸವಿ ನಿಜಕ್ಕೂ ತಯಾರಿಕೆಯದು. ಆದರೆ ಅದು ಫ್ರೇಮಿನ ಇಸವಿ. 1932ರಲ್ಲಿ ಸೇನೆ ಸ್ವೀಕರಿಸಿದ ಎನ್‌ಫೀಲ್ಡ್ ನಂ. 2 ಮಾರ್ಕ್ 1ಕ್ಕೆ ಹೆಬ್ಬೆರಳಿನಿಂದ ಎಳೆಯುವ ಕೊಂಬುಳ್ಳ ಹ್ಯಾಮರ್ ಇತ್ತು. 1938ರಲ್ಲಿ ಕೊಂಬಿಲ್ಲದ ಹ್ಯಾಮರಿನ, ನಕ್ಷತ್ರ ಗುರುತಿನ ಮಾದರಿ ಬಂದ ಮೇಲೆ ಹಳೆಯವು ರಿಪೇರಿಗೆ ಬಂದಾಗ ಅವನ್ನೂ ಹಾಗೇ ಬದಲಿಸಿ ನಕ್ಷತ್ರ ಒತ್ತಿದರು. ಹಾಗಾಗಿ 1934 ಎಂದಿರುವ ಆಯುಧಕ್ಕೆ ಕೊಂಬಿಲ್ಲದಿದ್ದರೆ ಅದರ ಈಗಿನ ರೂಪ 1938ಕ್ಕಿಂತ ಈಚಿನದು. ಪೂರ್ಣ ರಿಪೇರಿಯ ಎಫ್‌ಟಿಆರ್ ಮುದ್ರೆಯ ಪಕ್ಕ ಮತ್ತೊಂದು ಇಸವಿ ಇದ್ದರೆ ಒಂದೇ ಆಯುಧಕ್ಕೆ ಎರಡು ಇಸವಿ, ಎರಡೂ ನಿಜ.

ಇನ್ನೊಂದು ಆಕ್ಷೇಪ, ಸೀರಿಯಲ್ ನಂಬರ್ ಇದ್ದರೆ ಬೇರೇನು ಬೇಕು ಎಂಬುದು. ನಂಬರ್ ತನ್ನಷ್ಟಕ್ಕೆ ಮೂಕ. ಒಂದೇ ಕಂಪನಿ ಬೇರೆ ಬೇರೆ ಮಾದರಿಗೆ ಒಂದರಿಂದಲೇ ಎಣಿಕೆ ಶುರುಮಾಡಿದ್ದುಂಟು, ಆದ್ದರಿಂದ ಮಾದರಿ ಗೊತ್ತಾಗದೆ ನಂಬರ್ ನೋಡಿ ಪ್ರಯೋಜನವಿಲ್ಲ. ಫ್ರೇಮ್, ಸಿಲಿಂಡರ್, ನಳಿಗೆಗಳ ನಂಬರುಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದೂ ನೋಡಬೇಕು. ನಂಬರಿಗೆ ಬಾಯಿ ಬರುವುದು ಕಾಗದ ಇದ್ದಾಗ. ಭಗತ್ ಸಿಂಗ್ 1928ರಲ್ಲಿ ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಲ್ಲಿ ಬಳಸಿದ ಕೋಲ್ಟ್ ಆಯುಧ, ರಿವಾಲ್ವರ್ ಅಲ್ಲ ಪಿಸ್ತೂಲು, ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹದಲ್ಲಿ ಗುರುತೇ ಇಲ್ಲದೆ ಕೂತಿತ್ತು. ಅದರ ಮೇಲೆ ಬಳಿದಿದ್ದ ಕಪ್ಪು ಬಣ್ಣ ತೆಗೆದಾಗ ಕಂಡ 168896 ಎಂಬ ನಂಬರ್ ಹಳೆಯ ದಾಖಲೆಗೆ ತಾಳೆಯಾಯಿತು. ದಾಖಲೆ ಇಲ್ಲದಿದ್ದರೆ ಆ ಆರು ಅಂಕಿಗಳಿಂದ ಏನೂ ತಿಳಿಯುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಹಾಳೆಯಲ್ಲಿ ಗುರುತುಗಳನ್ನು ಕಾಲಾನುಕ್ರಮಕ್ಕೆ ಜೋಡಿಸಿ, ಪ್ರತಿಯೊಂದರ ಎದುರು ‘ಇದಕ್ಕೆ ಹಿಂದಿನದಲ್ಲ’ ಅಥವಾ ‘ಇದಕ್ಕೆ ಈಚಿನದಲ್ಲ’ ಎಂದು ಬರೆಯಿರಿ. ಚೌಕ ಹಿಡಿಯ ವೆಬ್ಲಿಯೊಂದರ ಇಸವಿ ಸವೆದುಹೋಗಿದೆ, ಐ ಮತ್ತು ಬಾಣ ಇವೆ ಎನ್ನೋಣ. ವೆಬ್ಲಿ ಕಾರ್ಖಾನೆ ಮಾರ್ಕ್ 6 ಮಾಡಿದ್ದು 1915ರಿಂದ 1923ರವರೆಗೆ, ಎನ್‌ಫೀಲ್ಡ್ ಕಾರ್ಖಾನೆ 1921ರಿಂದ 1926ರವರೆಗೆ. ವೆಬ್ಲಿಯ ಹೆಸರು ಉಳಿದಿದ್ದರೆ ‘1915–1923, ಭಾರತ ಸರ್ಕಾರದ ಸೇವೆಯಲ್ಲಿದ್ದದ್ದು’ ಎಂದು ಬರೆಯುವುದು ಪ್ರಾಮಾಣಿಕ. ‘ಸುಮಾರು 1917’ ಎಂದು ಊಹಿಸಿ ಬರೆಯುವುದು ಅಲ್ಲ. ಆ ಹಾಳೆ, ಫೋಟೋಗಳು, ಹಿರಿಯರ ಹೆಸರಿನ ಹಳೆಯ ಲೈಸೆನ್ಸ್ ಪುಸ್ತಕ ಮೂರನ್ನೂ ಒಟ್ಟಿಗಿಟ್ಟುಕೊಂಡರೆ ವಾರಸುದಾರರಾಗಿ ಅರ್ಜಿ ಹಾಕುವಾಗ ನೆರವಾಗುತ್ತದೆ. ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ಕಾಯ್ದೆಯ 45ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ನಿಮ್ಮದು ಆ ಸಾಲಿಗೆ ಸೇರುತ್ತದೆಯೇ ಎಂಬ ತೀರ್ಮಾನವನ್ನು ಲೈಸೆನ್ಸ್ ಕೊಡುವ ಅಧಿಕಾರಿಗೇ ಬಿಡಬೇಕು.