ಗಡಿಯಂಗಡಿಯಲ್ಲಿ ಪರದೇಶದ ನಾಣ್ಯ

ಸಾಲೋಟಗಿಯ ಒಬ್ಬ ತಾಯಿ ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ದುಬೈಯಲ್ಲಿರುವ ಮಗನೊಂದಿಗೆ ಅವರು ಬಸ್ಸಿನಲ್ಲಿ ಉಮ್ರಾಕ್ಕೆ ಹೊರಟಿದ್ದರು. ಗುವೈಫಾತ್ ದಾಟಿ, ಸೌದಿಯ ಬತ್‌ಹಾ ಗಡಿಯ ಬಳಿಯ ಅಂಗಡಿಯಲ್ಲಿ 70 ರಿಯಾಲಿನ ಜಾನಮಾಝ್ ಕೊಂಡರು. ಕೈಯಲ್ಲಿದ್ದುದು 100 ದಿರ್ಹಮಿನ ನೋಟು. "ಎರಡೂ ಒಂದೇ ಲೆಕ್ಕ" ಎಂದು ಹೇಳಿ ಅಂಗಡಿಯವನು 30 ರಿಯಾಲ್ ಮರಳಿಸಿದ. ಊರಿಗೆ ಬಂದ ಮೇಲೆ ಯಾರೋ, "ದಿರ್ಹಮಿಗೆ ಬೆಲೆ ಹೆಚ್ಚು, ಹಣಕ್ಕೆ ಹಣ ಹೆಚ್ಚು ಕಡಿಮೆಯಾದರೆ ಅದು ಬಡ್ಡಿ" ಎಂದರಂತೆ. ಅಂದಿನಿಂದ ಆ ಜಾನಮಾಝನ್ನು ಅವರು ಹಾಸಿಲ್ಲ.

ಮೊದಲು ಲೆಕ್ಕ ನೋಡೋಣ. ಒಂದು ಡಾಲರಿಗೆ ರಿಯಾಲ್ 3.75, ದಿರ್ಹಮ್ 3.6725. ಅಂದರೆ 100 ದಿರ್ಹಮಿಗೆ ಸುಮಾರು 102 ರಿಯಾಲ್. ಆ ತಾಯಿಗೆ ಕಡಿಮೆ ಬಂದದ್ದು ಎರಡು ರಿಯಾಲ್.

ಇನ್ನು ಶರೀಅತ್ತಿನ ಮಾತು. ಹಝ್ರತ್ ಉಬಾದಾ ಬಿನ್ ಸಾಮಿತ್(ರ) ವರದಿ ಮಾಡಿದ ಪ್ರಸಿದ್ಧ ಹದೀಸಿನಲ್ಲಿ ಪ್ರವಾದಿವರ್ಯರು(ಸ) ಚಿನ್ನ, ಬೆಳ್ಳಿ, ಗೋಧಿ, ಜವೆ, ಖರ್ಜೂರ, ಉಪ್ಪು ಈ ಆರನ್ನು ಹೆಸರಿಸಿದ್ದಾರೆ. ಒಂದೇ ಜಾತಿಯದನ್ನು ಅದಕ್ಕೇ ಬದಲಿಸುವಾಗ ಸಮನಾಗಿರಬೇಕು, ಕೈಯಿಂದ ಕೈಗೆ ಆಗಬೇಕು. ಜಾತಿ ಬೇರೆಯಾದರೆ ಹೆಚ್ಚು ಕಡಿಮೆಗೆ ಅಡ್ಡಿಯಿಲ್ಲ, ಆದರೆ ಕೈಯಿಂದ ಕೈಗೆ ಆಗಲೇಬೇಕು. 1986ರಲ್ಲಿ ಅಮ್ಮಾನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು ಕಾಗದದ ಹಣಕ್ಕೂ ಚಿನ್ನ ಬೆಳ್ಳಿಯ ವಿಧಿಗಳೇ ಅನ್ವಯ ಎಂದಿತು. ದಿರ್ಹಮ್, ರಿಯಾಲ್ ಎರಡು ಬೇರೆ ಜಾತಿ. ಆಕೆ ನೋಟು ಕೊಟ್ಟು, ವಸ್ತು ಮತ್ತು ಚಿಲ್ಲರೆಯನ್ನು ಅಲ್ಲಿಯೇ ಪಡೆದರು. ಇದರಲ್ಲಿ ಬಡ್ಡಿ ಎಲ್ಲಿ ಬಂತು? ಆ ತಾಯಿ ನಿಶ್ಚಿಂತೆಯಿಂದ ಜಾನಮಾಝ್ ಹಾಸಲಿ.

ಅಂಗಡಿಯವನ ಸ್ಥಿತಿ ಮಾತ್ರ ಬೇರೆ. "ನಾನು ಸಮಕ್ಕೆ ಸಮ ತೆಗೆದುಕೊಳ್ಳುತ್ತೇನೆ, ಒಪ್ಪಿಗೆಯಿದ್ದರೆ ಕೊಡಿ" ಎಂದಿದ್ದರೆ ಅದು ವ್ಯಾಪಾರ. ದರ ಗೊತ್ತಿದ್ದೂ "ಎರಡೂ ಒಂದೇ" ಎಂದರೆ ಅದು ಸುಳ್ಳು. ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನಷ್ಟೇ ಕುರ್‌ಆನ್ (ಅನ್ನಿಸಾ 29) ಅನುಮತಿಸಿದೆ. ಅರಿಯದವಳಿಂದ ಪಡೆದ ಒಪ್ಪಿಗೆ ಎಂಥ ಒಪ್ಪಿಗೆ? ಎರಡು ರಿಯಾಲ್ ಸಣ್ಣದೆನಿಸಬಹುದು. ದಿನಕ್ಕೆ ಎಷ್ಟು ಯಾತ್ರಿಕರು ಆ ಗಲ್ಲೆಯ ಮುಂದೆ ನಿಲ್ಲುತ್ತಾರೆಂಬುದನ್ನೂ ನೆನೆಯಿರಿ.

ನಮ್ಮ ಸೀಮೆಗೆ ಇದು ಹೊಸದಲ್ಲ. 1948ರವರೆಗೆ ಭೀಮೆಯ ಈಚೆ ಇಂಡಿ, ಸಾಲೋಟಗಿ ಮುಂಬಯಿ ಪ್ರಾಂತ. ಆಚೆ ಅಫಜಲಪುರ ನಿಜಾಮರ ರಾಜ್ಯ. ಈಚೆ ಕಲ್ದಾರ್ ರೂಪಾಯಿ, ಆಚೆ ಹಾಲಿ ಸಿಕ್ಕಾ. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಸ್ಥೂಲ ಲೆಕ್ಕ. 1950ರ ನಂತರ ಇದೇ ಅಧಿಕೃತ ದರವಾಯಿತು. ಹಾಲಿ ಸಿಕ್ಕಾ ಪೂರ್ತಿ ರದ್ದಾದುದು 1959ರಲ್ಲಿ. ಈಗ ಯೋಚಿಸಿ: ಹೊಳೆಯಾಚೆಯ ಸಂತೆಯಲ್ಲಿ ಒಬ್ಬ "ಎತ್ತಿಗೆ ಅರವತ್ತು ರೂಪಾಯಿ" ಎಂದರೆ ಯಾವ ರೂಪಾಯಿ? ಮದ್ರಸಗಳಲ್ಲಿ ಓದಿಸುವ ಕುದೂರಿಯಲ್ಲಿ ಉತ್ತರವಿದೆ. ನಾಣ್ಯ ಹೆಸರಿಸದಿದ್ದರೆ ಆ ಊರಲ್ಲಿ ಹೆಚ್ಚು ಚಲಾವಣೆಯಲ್ಲಿರುವುದೇ ಲೆಕ್ಕಕ್ಕೆ. ಬೆಲೆ ಬೇರೆಬೇರೆಯಾದ ನಾಣ್ಯಗಳು ಸಮನಾಗಿ ಓಡುತ್ತಿದ್ದರೆ, ಇಂಥದ್ದೇ ಎಂದು ಹೇಳದ ಹೊರತು ವ್ಯಾಪಾರ ಫಾಸಿದ್, ಅಂದರೆ ದೋಷಯುಕ್ತ. ಮಹ್ರ್ ನಿಗದಿ ಮಾಡುವಾಗಲೂ ಈ ಎಚ್ಚರ ಬೇಕಿತ್ತು. ಹೊಳೆಯಾಚೆಯ ಹುಡುಗಿಗೆ 127 ಎಂದು ಬರೆದು ಯಾವ ನಾಣ್ಯವೆಂದು ಬರೆಯದಿದ್ದರೆ ಜಗಳ ಮಕ್ಕಳ ಕಾಲಕ್ಕೂ ಉಳಿಯುತ್ತಿತ್ತು.

ಬೆಳ್ಳಿ ರೂಪಾಯಿಗಳನ್ನೇ ಬದಲಿಸುವುದು ಇನ್ನೂ ಸೂಕ್ಷ್ಮ. ಹಾಲಿ ಸುಮಾರು 11.18 ಗ್ರಾಂ ತೂಗುತ್ತಿತ್ತು, 1940ಕ್ಕೆ ಮುಂಚಿನ ಕಲ್ದಾರ್ 11.66 ಗ್ರಾಂ. ಎರಡರಲ್ಲೂ ಬೆಳ್ಳಿಯ ಪಾಲೇ ಹೆಚ್ಚು, ಆದ್ದರಿಂದ ಹನಫಿ ಫಿಕ್ಹಿನಲ್ಲಿ ಎರಡೂ ಬೆಳ್ಳಿಯೇ. ಏಳಕ್ಕೆ ಆರು ಕೊಟ್ಟರೆ ತೂಕ ಸಮವಾಗದು! ಪರಿಹಾರ ಖೈಬರಿನ ಖರ್ಜೂರದ ಹದೀಸಿನಲ್ಲಿದೆ: ಕಳಪೆಯ ಎರಡಳತೆಗೆ ಉತ್ತಮದ ಒಂದಳತೆ ಬದಲಿಸಬೇಡಿ, ಮೊದಲಿನದನ್ನು ಮಾರಿ ಬಂದ ಹಣದಿಂದ ಇನ್ನೊಂದನ್ನು ಕೊಳ್ಳಿ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಹಾಗೆಯೇ ಹಾಲಿಯಿಂದ ಜೋಳ ಕೊಂಡು, ಜೋಳವನ್ನು ಕಲ್ದಾರಿಗೆ ಮಾರಿದರೆ ದೋಷವಿಲ್ಲ.

ನೋಟುಗಳ ಈ ಕಾಲದಲ್ಲಿ ಹೆಚ್ಚು ಎಡವುವುದು ಇನ್ನೊಂದು ಕಡೆ: "ಚಿಲ್ಲರೆ ಇಲ್ಲ, ಮರಳುವಾಗ ತಗೊಳ್ಳಿ." ನೋಟು ದಿರ್ಹಮಿನದು, ಬರಬೇಕಾದ ಚಿಲ್ಲರೆ ರಿಯಾಲಿನದು, ಅಷ್ಟರ ಮಟ್ಟಿಗೆ ಅದು ನಾಣ್ಯ ವಿನಿಮಯ, ಕೈಯಿಂದ ಕೈಗೆ ಆಗಬೇಕು. ಹಝ್ರತ್ ಇಬ್ನು ಉಮರ್(ರ) ಒಂಟೆಗಳನ್ನು ದೀನಾರಿಗೆ ಮಾರಿ ದಿರ್ಹಮ್ ಪಡೆಯುವ ವಿಷಯ ಕೇಳಿದಾಗ ದೊರೆತ ಉತ್ತರವೂ ಹೀಗೆಯೇ: ಆ ದಿನದ ದರವಿರಲಿ, ಅಗಲುವಾಗ ನಡುವೆ ಬಾಕಿ ಇರದಿರಲಿ. ಆದ್ದರಿಂದ ಅಂಥ ಸಂದರ್ಭದಲ್ಲಿ ಉಳಿದ ಮೊತ್ತಕ್ಕೂ ಏನಾದರೂ ವಸ್ತು ಕೊಳ್ಳಿ, ಇಲ್ಲವೇ ನೋಟು ಹಿಂದಕ್ಕೆ ಪಡೆದು ಮುಂದಿನ ಅಂಗಡಿಗೆ ನಡೆಯಿರಿ.

ಆ ತಾಯಿಯ ಪೆಟ್ಟಿಗೆಯಲ್ಲಿ ಇನ್ನೂ ಹತ್ತು ರಿಯಾಲ್ ಉಳಿದಿದೆಯಂತೆ. ಅದನ್ನು ಊರಿನ ಅಂಗಡಿಯಲ್ಲಿ ಕೊಟ್ಟು ಸಕ್ಕರೆ ತರಬಹುದೇ ಎಂದೂ ಕೇಳಿದರು. ನಮ್ಮ ದೇಶದ 1999ರ ವಿದೇಶಿ ವಿನಿಮಯ ಕಾಯ್ದೆಯಂತೆ ಇಂಥ ಹಣವನ್ನು ಅಧಿಕೃತ ವಿನಿಮಯದಾರರಲ್ಲಿಯೇ ಬದಲಿಸಬೇಕು. ಝಕಾತ್ ಲೆಕ್ಕ ಹಾಕುವ ದಿನ ಅದು ಪೆಟ್ಟಿಗೆಯಲ್ಲೇ ಇದ್ದರೆ, ಅಂದಿನ ದರದಲ್ಲಿ ರೂಪಾಯಿಗೆ ಇಳಿಸಿ ಉಳಿದ ಹಣದ ಜೊತೆ ಎಣಿಸಿಕೊಳ್ಳಲಿ.