ಚಳಿಗೆ ಮುನ್ನ ಬೆಚ್ಚಗಾಗುವ ರಾತ್ರಿ

ಜನವರಿ ತಿಂಗಳ ಒಂದು ಸಂಜೆ ದೆಹಲಿಯ ಆಕಾಶದಲ್ಲಿ ಮೋಡ ಕವಿದು, ಆ ರಾತ್ರಿಯು ಹಿಂದಿನ ರಾತ್ರಿಗಿಂತ ಬೆಚ್ಚಗಿದ್ದಿತೆನ್ನೋಣ. ಚಳಿ ಮುಗಿಯಿತೆಂದು ಜನರು ಹಿಗ್ಗುವುದು ಸಹಜ. ಹವಾಮಾನ ಶಾಸ್ತ್ರಜ್ಞನಾದರೋ ಅದೇ ಮೋಡವನ್ನು ಕಂಡು, ಇನ್ನೆರಡು ದಿನಗಳಲ್ಲಿ ಚಳಿ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಬರೆಯಲು ತೊಡಗುತ್ತಾನೆ. ಇದರ ಗುಟ್ಟನ್ನರಿತರೆ ಉತ್ತರ ಭಾರತದ ಚಳಿಗಾಲದ ಅಲ್ಪಾವಧಿ ಮುನ್ಸೂಚನೆಯ ಬಹುಪಾಲನ್ನು ಅರಿತಂತೆಯೇ ಸರಿ.

ಚಳಿಗಾಲದಲ್ಲಿ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ರಭಸದ ಗಾಳಿಯ ಹೊನಲೊಂದು ಹಿಮಾಲಯದ ದಕ್ಷಿಣ ಭಾಗಕ್ಕೆ ಸರಿದು ನೆಲೆಗೊಳ್ಳುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿದ ವಾಯುಭಾರದ ಕುಸಿತಗಳು ಈ ಹೊನಲಿನೊಡನೆ ಸಾಗಿ, ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಕಾಶ್ಮೀರವನ್ನು ಮುಟ್ಟುತ್ತವೆ. ಇವಕ್ಕೆ ಪಶ್ಚಿಮ ಪ್ರಕ್ಷೋಭೆಗಳೆಂದು ಹೆಸರು. ತಿಂಗಳಿಗೆ 4ರಿಂದ 6 ಬರುವುದುಂಟು.

ಪ್ರಕ್ಷೋಭೆಯ ಮುಂಭಾಗದಲ್ಲಿ ದಕ್ಷಿಣದ ಕಡೆಯಿಂದ ತೇವದ ಬೆಚ್ಚನೆಯ ಗಾಳಿ ಬರುತ್ತದೆ. ನೆಲವು ರಾತ್ರಿ ಹೊರಸೂಸುವ ಶಾಖವನ್ನು ಮೋಡವು ಕಂಬಳಿಯಂತೆ ತಡೆಯುತ್ತದೆ. ಬೆಟ್ಟಗಳಲ್ಲಿ ಹಿಮ, ಪಂಜಾಬಿನ ಗೋಧಿಯ ಹೊಲಗಳಲ್ಲಿ ಮಳೆ. ಪ್ರಕ್ಷೋಭೆಯು ಪೂರ್ವಕ್ಕೆ ಸಾಗಿದೊಡನೆ ಆಕಾಶ ತಿಳಿಯಾಗುವುದು. ಹೊಸ ಹಿಮ ಬಿದ್ದ ಪರ್ವತಗಳ ಕಡೆಯಿಂದ ವಾಯವ್ಯದ ಒಣಗಾಳಿ ಬೀಸುವುದು. ಕಂಬಳಿ ಕಳೆದುಕೊಂಡ ನೆಲವು ರಾತ್ರಿಯೆಲ್ಲ ಶಾಖವನ್ನು ಬಿಟ್ಟುಕೊಡುವುದು. ಬಯಲಿನ ಊರಿನಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆಯಿದ್ದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕೆಳಗಿಳಿದರೆ ಅದನ್ನು ಶೀತ ಅಲೆಯೆಂದು ಕರೆಯುತ್ತಾರೆ. 4 ಡಿಗ್ರಿಗೆ ಇಳಿದರಂತೂ ವಾಡಿಕೆಯನ್ನು ಕೇಳಬೇಕಾದುದೇ ಇಲ್ಲ. ದೆಹಲಿಯ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 1935ರ ಜನವರಿ 16ರಂದು ಉಷ್ಣತೆಯು ಸೊನ್ನೆಗಿಂತ 0.6 ಡಿಗ್ರಿ ಕೆಳಗಿಳಿದಿತ್ತು.

ಇಂತಹ ರಾತ್ರಿಯ ಸುಳಿವು ಎರಡು ದಿನ ಮೊದಲೇ ಸಿಕ್ಕಿದರೆ ಆಲೂಗೆಡ್ಡೆ ಬೆಳೆದ ರೈತನು ಹೊಲಕ್ಕೆ ತೆಳುವಾಗಿ ನೀರು ಹಾಯಿಸಿಕೊಳ್ಳುತ್ತಾನೆ. ಒದ್ದೆ ನೆಲವು ಒಣ ನೆಲಕ್ಕಿಂತ ಹೆಚ್ಚು ಶಾಖವನ್ನು ಹಿಡಿದಿಡುವುದರಿಂದ ಎಲೆಗಳು ಇಬ್ಬನಿಗಡ್ಡೆಗೆ ಸುಟ್ಟುಹೋಗದೆ ಉಳಿಯಬಹುದು. ಸುಳಿವು ಒಂದು ದಿನ ತಡವಾದರೆ ಅದರಿಂದ ಅವನಿಗೇನು ಪ್ರಯೋಜನ?

ಪ್ರಕ್ಷೋಭೆಯ ಬರವನ್ನು ಉಪಗ್ರಹದ ಚಿತ್ರಗಳಿಂದಲೂ ಬೆಲೂನುಗಳಿಂದಲೂ ನಾವು ಬೇಗನೆ ತಿಳಿಯುತ್ತೇವೆ. ನಮ್ಮನ್ನು ಕಾಡುವುದು ಮಂಜು. ಮಳೆಯಿಂದ ನೆನೆದ ನೆಲ, ತಿಳಿಯಾದ ಆಕಾಶ, ಮಂದವಾದ ಗಾಳಿ, ಇವು ಮೂರೂ ಕೂಡಿದರೆ ಗಂಗಾ ಬಯಲಿನಲ್ಲಿ ಮಂಜು ಕಟ್ಟುತ್ತದೆ. ಗಾಳಿ ತುಸು ಬಲವಾದರೆ ಚದರುತ್ತದೆ. ದೃಷ್ಟಿಗೋಚರತೆ 50 ಮೀಟರಿಗಿಂತ ಕಡಿಮೆಯಾದ ಮುಂಜಾವಿನಲ್ಲಿ ರೈಲು ತೆವಳುತ್ತದೆ, ವಿಮಾನ ತಡೆಯುತ್ತದೆ. ನಾಳೆ ಮಂಜು ಕವಿಯುವ ಸಂಭವವುಂಟೆಂದು ಹೇಳಬಹುದು. ಯಾವ ರಸ್ತೆಯ ಮೇಲೆ, ಎಷ್ಟು ಗಂಟೆಗೆ ಎಂದು ಹೇಳುವುದು ಬಲು ಕಷ್ಟ.

ಇಡೀ ದೇಶಕ್ಕೆ ಒಂದೇ ಮಾತು ಪತ್ರಿಕೆಯ ಶೀರ್ಷಿಕೆಗೆ ಸಾಕು, ಮುನ್ಸೂಚನೆಗೆ ಸಾಲದು. ಅಮೃತಸರ ನಡುಗುತ್ತಿರುವಾಗಲೇ ಡಿಸೆಂಬರಿನಲ್ಲಿ ಚೆನ್ನೈಗೆ ಮೂಡಣ ಗಾಳಿ ಮಳೆ ತರಬಹುದು. ಬಡಗಣ ಗಾಳಿ ದಕ್ಷಿಣಕ್ಕೆ ಚಾಚಿದರೆ ನಮ್ಮ ಬೀದರ, ವಿಜಯಪುರಗಳ ರಾತ್ರಿಗಳೂ ತಣ್ಣಗಾಗುವುವು.

ಓದುಗರು ಒಂದು ವಾರ ಅಮೃತಸರ, ದೆಹಲಿ, ಲಖನೌ, ಪಟ್ನಾಗಳ ಕನಿಷ್ಠ ಉಷ್ಣತೆಯನ್ನು ಪತ್ರಿಕೆಯಿಂದ ಬರೆದಿಟ್ಟುಕೊಂಡು ನೋಡಲಿ. ಆ ವಾರದಲ್ಲಿ ಪ್ರಕ್ಷೋಭೆಯೊಂದು ದಾಟಿಹೋಗಿದ್ದರೆ, ಇಳಿತವು ಒಂದೂರಿನಿಂದ ಮತ್ತೊಂದೂರಿಗೆ ಪೂರ್ವಾಭಿಮುಖವಾಗಿ ನಡೆದುಬರುವುದು ಆ ಅಂಕಿಗಳಲ್ಲಿ ಕಂಡುಬಂದೀತು.